ಷಡ್ಜದ ತವರೂರು

ಬೆಳಗಾವಿಯನ್ನು ಬಿಟ್ಟ ರೈಲುಗಾಡಿ ಘಟಪ್ರಭಾ, ರಾಯಬಾಗ, ಕುಡಚಿಗಳನ್ನು ಹಿಂದೆ ಹಾಕಿ, ಕೃಷ್ಣೆಯ ಸೇತುವೆಯನ್ನು ದಾಟಿ, ಉಗಾರ, ಶೇಡಬಾಳಗಳ ಕಬ್ಬಿನ ಹೊಲಗಳ ನಡುವೆ ಉತ್ತರಕ್ಕೆ ಸಾಗುತ್ತದೆ. ಕರ್ನಾಟಕದ ಎಲ್ಲೆ ಮುಗಿದು ಮಹಾರಾಷ್ಟ್ರದ ಎಲ್ಲೆ ತೊಡಗಿದ್ದು ಎಲ್ಲಿ ಎಂಬುದು ಪ್ರಯಾಣಿಕನಿಗೆ ತಿಳಿಯುವುದೇ ಇಲ್ಲ. ಅದೇ ಕಪ್ಪು ಎರೆಮಣ್ಣು, ಅದೇ ಕಬ್ಬು, ಅದೇ ಜೋಳ. ನಿಲ್ದಾಣದ ಫಲಕದ ಲಿಪಿ ಬದಲಾದಾಗಲೇ ನಾಡು ಬದಲಾಯಿತೆಂಬ ಅರಿವು. ಹೀಗೆ ಸದ್ದಿಲ್ಲದೆ ಎದುರಾಗುವ ಮೊದಲ ದೊಡ್ಡ ಊರೇ ಮಿರಜ.

ಸಾಂಗಲಿ ಜಿಲ್ಲೆಗೆ ಸೇರಿದ ಈ ಊರನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬಲ್ಲರು. ರೈಲ್ವೆಯವರಿಗೆ ಇದೊಂದು ದೊಡ್ಡ ಜಂಕ್ಷನ್. 1971ರಲ್ಲಿ ಪುಣೆಯ ಕಡೆಯ ಹಳಿ ಬ್ರಾಡ್‌ಗೇಜ್ ಆದ ಮೇಲೆ ಅನೇಕ ವರ್ಷ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಎಂಬ ಮೂರು ಅಳತೆಯ ಹಳಿಗಳೂ ಇಲ್ಲಿ ಕೂಡುತ್ತಿದ್ದವು. ರೋಗಿಗಳಿಗೆ ಇದು ವೈದ್ಯರ ಊರು. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ಹೆಸರು ಬಂದಿತು. ಭಕ್ತರಿಗೆ ಇದು ಖ್ವಾಜಾ ಮೀರಾಸಾಹೇಬರ ದರ್ಗಾ ಇರುವ ಊರು, ಅಂಬಾಬಾಯಿಯ ಗುಡಿಯಿರುವ ಊರು. ಆದರೆ ಸಂಗೀತಗಾರರು ಬಲ್ಲ ಮಿರಜವೇ ಬೇರೆ. ಕುಂದಗೋಳದಿಂದ ಕೊಲ್ಕತ್ತೆಯವರೆಗೆ ಎಲ್ಲಿಯೇ ಆಗಲಿ, ಹಾಡುವವರ ಮನೆಯ ಮೂಲೆಯಲ್ಲಿ ಗವಸು ಹೊದ್ದು ನಿಂತ ತಂಬೂರವನ್ನು ತೋರಿಸಿ 'ಇದು ಎಲ್ಲಿಯದು?' ಎಂದು ಕೇಳಿದರೆ, ಬರುವ ಉತ್ತರ ಬಹಳ ಸಲ ಒಂದೇ: 'ಮಿರಜದ್ದು.'

ಹಾಡಿಗೆ ಮುಂಚಿನ ಗಳಿಗೆ

ಕಚೇರಿಗೆ ಹೋಗುವ ಅಭ್ಯಾಸವುಳ್ಳ ಕುಟುಂಬಗಳಿಗೆ ಆ ಗಳಿಗೆ ಚಿರಪರಿಚಿತ. ಗಾಯಕರು ವೇದಿಕೆಯ ಮೇಲೆ ಬಂದು ಕುಳಿತಿರುತ್ತಾರೆ. ಹಿಂದೆ ಶಿಷ್ಯರಿಬ್ಬರು ತಂಬೂರಗಳನ್ನು ನಿಲ್ಲಿಸಿಕೊಂಡಿರುತ್ತಾರೆ. ಗಾಯಕರು ಅವುಗಳಲ್ಲೊಂದನ್ನು ತಾವೇ ತೆಗೆದುಕೊಂಡು ಬಿರಡೆ ತಿರುಗಿಸುತ್ತಾರೆ, ತಂತಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ತಲೆಯಲ್ಲಾಡಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಸಭೆಯಲ್ಲಿ ಕೆಲವರು ಗಡಿಯಾರ ನೋಡಿಕೊಳ್ಳುತ್ತಾರೆ. 'ಹಾಡು ಇನ್ನೂ ಯಾಕೆ ಶುರುವಾಗಲಿಲ್ಲ, ಅಮ್ಮಾ?' ಎಂದು ಮಕ್ಕಳು ಪಿಸುಗುಟ್ಟುತ್ತವೆ. ಬಲ್ಲವರು ಮಾತ್ರ ಆಗಲೇ ಕೇಳತೊಡಗಿರುತ್ತಾರೆ.

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಸಂಗೀತವನ್ನು ಒಲ್ಲದವರ ಬಾಯಲ್ಲಿಯೂ ಈ ಮಾತಿನ ನೆರಳು ಉಳಿದಿದೆ. ಮದುವೆಯ ಮನೆಯಲ್ಲಿಯೋ ಸಭೆಯಲ್ಲಿಯೋ ಏನಾದರೊಂದು ಕೆಟ್ಟರೆ ಪತ್ರಿಕೆಯವರು 'ಸಮಾರಂಭದಲ್ಲಿ ಅಪಶ್ರುತಿ' ಎಂದೇ ಬರೆಯುತ್ತಾರೆ. ಹಾಡುವವನು ಎಷ್ಟೇ ರಾಗಗಳನ್ನು ಕಲಿತಿರಲಿ, ಮೊದಲ ಷಡ್ಜ ನೆಲೆಗೆ ನಿಲ್ಲದಿದ್ದರೆ ಮುಂದಿನದೆಲ್ಲ ಮರಳಿನ ಮೇಲೆ ಕಟ್ಟಿದ ಮನೆ.

ಆ ಮೊದಲ ಸ್ವರವನ್ನು ಹಿಡಿದುಕೊಡಲು ಮನುಷ್ಯನು ಬಗೆಬಗೆಯ ಸಣ್ಣ ಸಾಧನಗಳನ್ನು ಕಂಡುಕೊಂಡಿದ್ದಾನೆ. ಶಾಲೆಯ ಪ್ರಯೋಗಶಾಲೆಯಲ್ಲಿ ಎಲ್ಲರೂ ಕಂಡಿರುವ ಶ್ರುತಿಕವೆಯು ಅವುಗಳಲ್ಲೊಂದು. 1711ರಲ್ಲಿ ಲಂಡನ್ನಿನ ಜಾನ್ ಶೋರ್ ಎಂಬ ತುತ್ತೂರಿಗಾರನು ಅದನ್ನು ರೂಪಿಸಿದನು. ಅಂಗೈಯಲ್ಲಿ ಅಡಗುವ ದುಂಡನೆಯ ಪಿಚ್ ಪೈಪ್ ಇನ್ನೊಂದು. ಅದರ ಅಂಚಿನ ರಂಧ್ರಗಳಲ್ಲಿ ಒಂದೊಂದು ಲೋಹದ ನಾಲಗೆಯಿದ್ದು, ಬೇಕಾದ ರಂಧ್ರಕ್ಕೆ ಉಸಿರೂದಿದರೆ ಬೇಕಾದ ಸ್ವರ ಬರುತ್ತದೆ. ಪಾಶ್ಚಾತ್ಯರ ಮೇಳಗಾನದಲ್ಲಿ ಮುಂದಾಳು ಅದನ್ನೊಮ್ಮೆ ಊದುತ್ತಾನೆ, ಎಲ್ಲರೂ ಆ ಸ್ವರವನ್ನು ಬಾಯೊಳಗೇ ಗುನುಗಿಕೊಳ್ಳುತ್ತಾರೆ, ಪೈಪು ಜೇಬಿಗೆ ಹೋಗುತ್ತದೆ, ಹಾಡು ಹೊರಡುತ್ತದೆ. ನಮ್ಮಲ್ಲಿಯೂ ಅನೇಕ ಗಾಯಕರ ಚೀಲದಲ್ಲಿ ಈ ಪುಟ್ಟ ಪೈಪು ಇರುತ್ತಿತ್ತು. ಆದರೆ ಅವರು ಅದನ್ನು ಊದುತ್ತಿದ್ದುದು ಹಾಡಲಿಕ್ಕಲ್ಲ, ತಂಬೂರವನ್ನು ಶ್ರುತಿ ಮಾಡಲಿಕ್ಕೆ.

ಈ ವ್ಯತ್ಯಾಸ ಸಣ್ಣದಲ್ಲ. ಪಾಶ್ಚಾತ್ಯರಿಗೆ ಬೇಕಾದದ್ದು ಹೊರಡುವ ಸ್ವರ. ನಮಗೆ ಬೇಕಾದದ್ದು ಹಾಡು ಮುಗಿಯುವವರೆಗೂ ಜತೆಗಿರುವ ಸ್ವರ. ಅವರಲ್ಲಿ ಆ ಸ್ವರವೂ ಎಲ್ಲರಿಗೂ ಒಂದೇ. ಫ್ರಾನ್ಸಿನಲ್ಲಿ 1859ರಲ್ಲಿ ಸರ್ಕಾರವೇ ಅದರ ಅಳತೆಯನ್ನು ಸೆಕೆಂಡಿಗೆ 435 ಕಂಪನಗಳೆಂದು ಗೊತ್ತುಮಾಡಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಅದನ್ನು 440ಕ್ಕೆ ಏರಿಸಿತು. ನಮ್ಮ ಷಡ್ಜಕ್ಕೆ ಅಂತಹ ಕಾಯಿದೆಯಿಲ್ಲ. ಯಾರ ಕಂಠ ಎಲ್ಲಿ ಸುಖವಾಗಿ ನಿಲ್ಲುವುದೋ ಅಲ್ಲಿಯೇ ಅವರ ಷಡ್ಜ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರದು ಕರಿ ಒಂದು, ಇನ್ನೊಬ್ಬರದು ಬಿಳಿ ಐದು. ವಯಸ್ಸು ಬದಲಾದರೆ, ಕಂಠ ಬದಲಾದರೆ ಷಡ್ಜವೂ ಬದಲಾಗುತ್ತದೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಕೊಟ್ಟ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಎಳೆಯ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಆ ದನಿ ಗಂಭೀರವಾಗಿ ಕೆಳಗಿಳಿಯಿತು. ಲೋಕ ಅವರನ್ನು ನೆನೆಯುವುದು ಆ ಇಳಿದ ಶ್ರುತಿಯಲ್ಲಿಯೇ.

ಹೀಗೆ ಒಬ್ಬೊಬ್ಬರ ಕಂಠಕ್ಕೆ ಒಂದೊಂದು ಷಡ್ಜವನ್ನು ಒದಗಿಸಿ, ಅದನ್ನು ಎಡೆಬಿಡದೆ ನುಡಿಯುತ್ತಿರಬಲ್ಲ ವಾದ್ಯ ತಂಬೂರ. ಅದು ಹುಟ್ಟುವ ಬಗೆಯನ್ನು ನೋಡಬಯಸುವವರು ಮಿರಜದ ಸಿತಾರ್‌ಮೇಕರ್ ಗಲ್ಲಿಯನ್ನು ಹುಡುಕಿಕೊಂಡು ಹೋಗುತ್ತಾರೆ.

ಕತ್ತಿಯ ಕೈಗೆ ತಂತಿ

ಆ ಗಲ್ಲಿಯಲ್ಲಿ ಅಂಗಡಿಯ ಹೆಸರೂ ಸಿತಾರ್‌ಮೇಕರ್, ಮನೆತನದ ಹೆಸರೂ ಸಿತಾರ್‌ಮೇಕರ್. ಇಂಗ್ಲಿಷ್ ಪದವೊಂದು ಅಡ್ಡಹೆಸರಾಗಿ ಹೀಗೆ ನಿಂತುಬಿಟ್ಟಿದೆ. ಆದರೆ ಈ ಮನೆತನದವರು ಮೂಲದಲ್ಲಿ ವಾದ್ಯ ಮಾಡುವವರಲ್ಲ. ಅವರು ಶಿಕಲಗಾರರು, ಎಂದರೆ ಕತ್ತಿ, ಕಠಾರಿ, ಭರ್ಜಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುವ ಕಸುಬಿನವರು.

ಮಿರಜವು ಪಟವರ್ಧನ ಮನೆತನದ ಸಂಸ್ಥಾನಿಕರ ಊರಾಗಿತ್ತು. ದಂಡು ದಾಳಿಗಳಿದ್ದಷ್ಟು ಕಾಲ ಶಿಕಲಗಾರರಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಬ್ರಿಟಿಷರ ಕೈ ಮೇಲಾದ ಮೇಲೆ ಕತ್ತಿಗಳು ಒರೆಯಲ್ಲಿಯೇ ಉಳಿದವು. ಸಾಣೆಯ ಕಲ್ಲು ಸುತ್ತುವುದು ನಿಂತರೆ ಒಲೆಯ ಮೇಲಿನ ಪಾತ್ರೆಯೂ ತಣ್ಣಗಾಗುತ್ತದೆ. ಅದೇ ಸಮಯಕ್ಕೆ ಅರಮನೆಯಲ್ಲಿ ಸಂಗೀತಕ್ಕೆ ಆಶ್ರಯ ದೊರೆಯಿತು. ಗಾಯಕರು, ವಾದಕರು ಬಂದುಹೋಗತೊಡಗಿದರು. ಅವರು ತರುತ್ತಿದ್ದ ವಾದ್ಯಗಳು ದೂರದ ಊರುಗಳಲ್ಲಿ ಆದವು. ಕೆಟ್ಟರೆ ಇಲ್ಲಿ ಸರಿಪಡಿಸುವವರಿಲ್ಲ. ಕೈಚಳಕವುಳ್ಳ ಶಿಕಲಗಾರ ಸಹೋದರರಾದ ಫರೀದಸಾಹೇಬ ಮತ್ತು ಮೊಯಿನುದ್ದೀನರಿಗೆ ಆ ಕೆಲಸ ಬಂದಿತೆಂದೂ, ಮುರಿದುದನ್ನು ಕೂಡಿಸುತ್ತ ಕೂಡಿಸುತ್ತ ಅವರು ಹೊಸತನ್ನೇ ಕಟ್ಟುವಷ್ಟು ನಿಪುಣರಾದರೆಂದೂ ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಮಾತಿದು. ಇಂದು ಮಿರಜದಲ್ಲಿ ತಂಬೂರ, ಸಿತಾರ್ ಮಾಡುವ ಕುಟುಂಬಗಳಲ್ಲಿ ಬಹುಪಾಲು ಫರೀದಸಾಹೇಬರ ವಂಶವನ್ನೋ ಶಿಷ್ಯತ್ವವನ್ನೋ ಹೇಳಿಕೊಳ್ಳುತ್ತವೆ.

ಒಂದು ಕಸುಬು ಸತ್ತಾಗ ಅದೇ ಕೈಗಳು ಇನ್ನೊಂದನ್ನು ಕಲಿತು ಬದುಕಿದ ಕಥೆಯಿದು. ಇಂದಿನ ಮಿರಜವನ್ನು ನೋಡುವವರಿಗೆ ಈ ಹಳೆಯ ಕಥೆ ಮತ್ತೆ ಮತ್ತೆ ನೆನಪಾಗುತ್ತದೆ.

ಭೀಮಾತೀರದ ಬುರುಡೆ

ತಂಬೂರದ ಹೊಟ್ಟೆ ಮರದ್ದಲ್ಲ, ಬಳ್ಳಿಯ ಕಾಯಿಯದು ಎಂಬುದು ಮಿರಜಕ್ಕೆ ಬಂದವರಿಗೆ ಮೊದಲು ಕಾಣುವ ಸೋಜಿಗ. ಅಂಗಡಿಗಳ ಅಟ್ಟದಲ್ಲಿ, ಅಂಗಳದಲ್ಲಿ ದೊಡ್ಡ ದೊಡ್ಡ ಒಣ ಬುರುಡೆಗಳು ರಾಶಿಯಾಗಿ ಬಿದ್ದಿರುತ್ತವೆ. ಅಡಿಗೆಯ ಸೋರೆಕಾಯಿಗೆ ಇವು ನೆಂಟರೇ. ಆದರೆ ಬಾಯಿಗಿಟ್ಟರೆ ಕಹಿ. ಇವು ಬೆಳೆಯುವುದು ಮುಖ್ಯವಾಗಿ ಪಂಢರಪುರ, ಮಂಗಳವೇಢೆಗಳ ಸುತ್ತಣ ಭೀಮಾತೀರದ ಹೊಲಗಳಲ್ಲಿ. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒಣಗಿದ ಮೇಲೆ ಅದರ ತೊಗಟೆ ಮರದಂತೆ ಗಟ್ಟಿ, ಆದರೆ ತೂಕದಲ್ಲಿ ಹಗುರ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ನೆನಪು ಸಹಜವಾಗಿ ಬರುತ್ತದೆ. ಪಂಢರಪುರದ ವಿಠಲನನ್ನೇ ತಮ್ಮ ಅಂಕಿತದಲ್ಲಿ ಇಟ್ಟುಕೊಂಡ ಪುರಂದರದಾಸರನ್ನು ಯಾವ ಪಟದಲ್ಲಿ ನೋಡಿದರೂ ಕೈಯಲ್ಲಿ ತಂಬೂರಿ ಇದ್ದೇ ಇರುತ್ತದೆ. ಹೆಗಲಿಗೆ ಆನಿಸಿಕೊಂಡು ಬೀದಿಯಲ್ಲಿ ನಡೆಯುತ್ತಲೇ ಮೀಟಬಹುದಾದ ಆ ಪುಟ್ಟ ವಾದ್ಯವೇ ಕನ್ನಡನಾಡಿನ ಮನೆಮನೆ ಬಲ್ಲ ಶ್ರುತಿಸಾಧನವಾಗಿತ್ತು. ಕರಾವಳಿಯ ಯಕ್ಷಗಾನದಲ್ಲಿ ಹಾರ್ಮೋನಿಯಂ, ಶ್ರುತಿಪೆಟ್ಟಿಗೆಗಳು ಬರುವ ಮೊದಲು ಭಾಗವತರಿಗೆ ಶ್ರುತಿ ಹಿಡಿಯುತ್ತಿದ್ದುದು ಪುಂಗಿ. ಅದರ ಹೊಟ್ಟೆಯೂ ಸೋರೆಯ ಬುರುಡೆಯೇ. ಹೀಗೆ ನಮ್ಮ ಷಡ್ಜಕ್ಕೂ ಬಳ್ಳಿಯ ಕಾಯಿಗೂ ಬಹಳ ದಿನದ ನಂಟು.

ಬುರುಡೆಯನ್ನು ಕೊಯ್ದು, ನೀರಿನಲ್ಲಿ ನೆನೆಸಿ ಮೆದುಮಾಡಿ, ಒಳಗೆ ಕಡ್ಡಿಗಳನ್ನು ಆನಿಸಿ ಬೇಕಾದ ಆಕಾರಕ್ಕೆ ತರುತ್ತಾರೆ. ತೂನ್ ಎಂಬ ಕೆಂಬಣ್ಣದ ಮರದಿಂದ ಕೊರಳನ್ನೂ ಪೊಳ್ಳಾದ ದಂಡಿಯನ್ನೂ ಮಾಡುತ್ತಾರೆ. ಬುರುಡೆಯ ಬಾಯಿಗೆ ತೆಳುವಾದ ಹಲಗೆಯನ್ನು ಮುಚ್ಚುತ್ತಾರೆ. ಅದಕ್ಕೆ ತಬಲಿ ಎಂದು ಹೆಸರು. ತಬಲಿಯ ದಪ್ಪ ಹೆಚ್ಚಾದರೆ ನಾದ ಒಳಗೇ ಕುಗ್ಗುತ್ತದೆ, ಕಡಿಮೆಯಾದರೆ ಕಾಲಕ್ರಮದಲ್ಲಿ ತಂತಿಯ ಬಿಗಿಗೆ ಕುಸಿಯುತ್ತದೆ. ಎಷ್ಟು ಕೆತ್ತಬೇಕೆಂಬುದನ್ನು ಕುಶಲಿಯು ಬೆರಳಿನಿಂದ ತಟ್ಟಿ, ಆ ಸದ್ದಿನಿಂದಲೇ ತಿಳಿಯುತ್ತಾನೆ. ಅರಗಿನ ಹೊಳಪು, ಅಂಚಿನ ಕುಸುರಿ ಇವೆಲ್ಲ ಆಮೇಲಿನ ಅಲಂಕಾರ.

ಗಿರಾಕಿ ಬಂದಾಗ ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ. 'ಗಂಡಸರಿಗೋ ಹೆಂಗಸರಿಗೋ? ಯಾವ ಪಟ್ಟಿ?' ಧಾರವಾಡದ ಕಡೆಯವರಾದರೆ ಅದೇ ಮಾತು 'ಯಾವ ಪಟ್ಟಿಗೆ ಬೇಕ್ರೀ?' ಎಂದಾಗುತ್ತದೆ. ಕಂಠ ಯಾವುದೆಂದು ತಿಳಿಯದೆ ವಾದ್ಯ ತೋರಿಸುವುದು ಕಾಲಿನ ಅಳತೆ ನೋಡದೆ ಚಪ್ಪಲಿ ಮಾರಿದ ಹಾಗೆ. ಗಂಡುದನಿಗೆ ಉದ್ದನೆಯ ದಂಡಿ, ದೊಡ್ಡ ಬುರುಡೆ. ಹೆಣ್ಣುದನಿಗೆ ಅದಕ್ಕಿಂತ ಚಿಕ್ಕದು. ಪ್ರವಾಸಕ್ಕೆ ಒಯ್ಯುವವರಿಗೆ ಬುರುಡೆಯೇ ಇಲ್ಲದ, ಚಪ್ಪಟೆ ಮರದ ಹೊಟ್ಟೆಯ ಪುಟ್ಟ ತಂಬೂರಿ. ರೈಲಿನ ನೂಕುನುಗ್ಗಲಿನಲ್ಲಿ ಬುರುಡೆ ಒಡೆದು ಕಣ್ಣೀರು ಹಾಕಿದ ಗಾಯಕರಿಗಾಗಿ ಹುಟ್ಟಿದ ವಾದ್ಯ ಇದು ಎನ್ನಬಹುದು.

ಒಂದು ನೂಲಿನ ಎಳೆ

ಎಲ್ಲ ಕಟ್ಟಿ ಮುಗಿದು, ನಾಲ್ಕು ತಂತಿ ಏರಿಸಿದ ಮೇಲೂ ತಂಬೂರ ತಂಬೂರವಾಗುವುದಿಲ್ಲ. ಮೀಟಿದರೆ 'ಟಣ್' ಎಂದು ನುಡಿದು ಸುಮ್ಮನಾಗುತ್ತದೆ. ಆಗ ಹಿರಿಯ ಕುಶಲಿಯು ಅದನ್ನು ತನ್ನ ಮುಂದೆ ಇಟ್ಟುಕೊಳ್ಳುತ್ತಾನೆ. ತಂತಿಗಳು ಹಾದುಹೋಗುವ ಅಗಲವಾದ ಕುದುರೆಯ ಮೈಯನ್ನು ಅರದಿಂದ ಸವರುತ್ತಾನೆ, ಮೀಟಿ ಕೇಳುತ್ತಾನೆ, ಮತ್ತೆ ಸವರುತ್ತಾನೆ. ಅನಂತರ ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆಯನ್ನು ತೂರಿಸಿ ಹಿಂದಕ್ಕೆ ಮುಂದಕ್ಕೆ ಸರಿಸುತ್ತಾನೆ. ಒಂದು ತಾಣಕ್ಕೆ ಬಂದಾಗ, ಅಲ್ಲಿಯವರೆಗೆ ಮೂಕವಾಗಿದ್ದ ವಾದ್ಯ ಒಮ್ಮೆಲೇ ಜೇನುಗೂಡಿನಂತೆ ಝೇಂಕರಿಸುತ್ತದೆ. ಒಂದು ತಂತಿಯಿಂದ ಹತ್ತು ಸ್ವರಗಳು ಅರಳಿದಂತೆ ಆಗುತ್ತದೆ. ಇದಕ್ಕೆ ನಮ್ಮವರು ಇಟ್ಟ ಹೆಸರು ಜೀವಾಳಿ. ಅದಿಲ್ಲದೆ ವಾದ್ಯಕ್ಕೆ ಜೀವವಿಲ್ಲ.

ಈ ಜೀವಾಳಿಯ ಗುಟ್ಟು ವಿಜ್ಞಾನಿಗಳನ್ನೂ ಸೆಳೆದಿದೆ. ಸರ್ ಸಿ. ವಿ. ರಾಮನ್ ಅವರು ನೊಬೆಲ್ ಪಾರಿತೋಷಕ ಪಡೆಯುವುದಕ್ಕೆ 9 ವರ್ಷ ಮೊದಲು, 1921ರಲ್ಲಿ, ಭಾರತದ ತಂತಿವಾದ್ಯಗಳ ಬಗೆಗೆ ಒಂದು ಲೇಖನ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರಗಳು ಹುಟ್ಟಬಾರದೆಂದು ಯುರೋಪಿನ ಪಂಡಿತರು ನಿಯಮ ಮಾಡಿದ್ದರು. ಉದಾಹರಣೆಗೆ ತಂತಿಯ ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ ಉಪಸ್ವರಗಳು ಕೇಳಿಸಬಾರದು. ತಂಬೂರ ಮತ್ತು ವೀಣೆಗಳಲ್ಲಿ ಅವು ಕೇಳಿಸುತ್ತವೆ! ಬಾಗಿದ ಅಗಲ ಕುದುರೆಯ ಮೇಲೆ ತಂತಿ ಕಂಪಿಸುವಾಗ ಮತ್ತೆ ಮತ್ತೆ ತಾಗುವುದರಿಂದ, ಹುಟ್ಟಬಾರದ ಸ್ವರಗಳೂ ಹುಟ್ಟುತ್ತವೆ. ಅರ ಹಿಡಿದ ಮಿರಜದ ಕುಶಲಿಗೆ ಈ ನಿಯಮಗಳ ಗೊಡವೆಯಿಲ್ಲ. ಅವನು ನಂಬಿರುವುದು ತನ್ನ ಕಿವಿಯನ್ನು.

ತಂಬೂರದ ಮೊದಲ ತಂತಿಗೆ ಸಾಮಾನ್ಯವಾಗಿ ಪಂಚಮ, ನಡುವಿನ ಜೋಡಿ ತಂತಿಗಳಿಗೆ ಷಡ್ಜ, ಕೊನೆಯ ಹಿತ್ತಾಳೆಯ ತಂತಿಗೆ ಮಂದ್ರ ಷಡ್ಜ. ಪಂಚಮವಿಲ್ಲದ ರಾಗವಾದರೆ ಮೊದಲ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ಇಳಿಸುವುದು ಅಥವಾ ಏರಿಸುವುದುಂಟು. ನಾಲ್ಕೂ ಸರಿಯಾಗಿ ಕೂಡಿದಾಗ, ಯಾರೂ ಮೀಟದ ಗಾಂಧಾರವು ಮಂದ್ರದ ತಂತಿಯಿಂದ ತಾನಾಗಿ ಮೇಲೇಳುತ್ತದೆ. ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಸಂಗೀತ ಕಲಿಯುವ ಮಕ್ಕಳಿಗೆ ಗುರುಗಳು 'ಗಾಂಧಾರ ಕೇಳಿಸಿತೇ?' ಎಂದು ಕೇಳುವುದು ಇದನ್ನೇ. ಕೇಳಿಸಿತೆಂದು ಒಮ್ಮೆ ಹೇಳಬಲ್ಲ ಮಗು ಮುಂದೆ ಶ್ರುತಿ ತಪ್ಪುವುದು ಕಡಿಮೆ. ತಂಬೂರವನ್ನು ಕೂಡಿಸುವುದೆಂದರೆ ಹಾಡಿಗೆ ಮುಂಚಿನ ಸಿದ್ಧತೆ ಮಾತ್ರವಲ್ಲ, ಅದೇ ಮೊದಲ ಪಾಠ.

ಖಾನ್‌ಸಾಹೇಬರ ಊರು

ಕುಶಲಿಗಳ ಕಿವಿ ಇಷ್ಟು ಸೂಕ್ಷ್ಮವಾಗಲು ಕಾರಣ, ಅವರ ಅಂಗಡಿಯ ಮುಂದೆ ಬಂದು ಕುಳಿತವರ ಕಂಠ. ಮಿರಜಕ್ಕೆ ಈ ಭಾಗ್ಯ ಧಾರಾಳವಾಗಿ ಒದಗಿತು. ಗ್ವಾಲಿಯರ್ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರರು ಇಲ್ಲಿ ನೆಲೆಸಿ ಕಲಿಸಿದರು. ಬಾಲ್ಯದಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದ ವಿಷ್ಣು ದಿಗಂಬರ ಪಲುಸ್ಕರರು ಇದೇ ಊರಿನಲ್ಲಿ ಅವರ ಶಿಷ್ಯರಾಗಿ, ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಧಾರವಾಡದ ಹತ್ತಿರದ ಮನ್ಸೂರಿನ ಬಾಲಕ ಮಲ್ಲಿಕಾರ್ಜುನನೂ ನಾಟಕ ಕಂಪನಿಯಿಂದ ಮಿರಜಕ್ಕೆ ಬಂದು, ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ತಾಲೀಮು ಮಾಡಿದನು.

ಎಲ್ಲರಿಗಿಂತ ಹೆಚ್ಚಾಗಿ ಈ ಊರಿನೊಡನೆ ಬೆಸೆದ ಹೆಸರು ಉಸ್ತಾದ್ ಅಬ್ದುಲ್ ಕರೀಂ ಖಾನರದು. 1872ರಲ್ಲಿ ಉತ್ತರದ ಕಿರಾಣಾದಲ್ಲಿ ಹುಟ್ಟಿದ ಖಾನ್‌ಸಾಹೇಬರು ಮಿರಜವನ್ನೇ ಮನೆ ಮಾಡಿಕೊಂಡರು. ಮೀರಾಸಾಹೇಬರ ದರ್ಗಾದಲ್ಲಿ ಭಕ್ತಿಯಿಂದ ಹಾಡಿದರು. ಸ್ವರಗಳ ಸೂಕ್ಷ್ಮ ನೆಲೆಗಳನ್ನು ಅಳೆಯಲು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ನಡೆಸಿದ ಪ್ರಯತ್ನಕ್ಕೆ ತಮ್ಮ ಕಂಠವನ್ನು ಒದಗಿಸಿದರು. ಶ್ರುತಿಯಲ್ಲಿ ಕರಗಿಹೋದಂತಿದ್ದ ಅವರ ಗಾಯನವನ್ನು ಕೇಳಿದವರು ತಂಬೂರ ಎಲ್ಲಿ ಮುಗಿಯಿತು, ಕಂಠ ಎಲ್ಲಿ ತೊಡಗಿತು ಎಂಬುದು ತಿಳಿಯುತ್ತಿರಲಿಲ್ಲ ಎನ್ನುತ್ತಿದ್ದರು.

ಕನ್ನಡನಾಡಿಗೆ ಖಾನ್‌ಸಾಹೇಬರ ಋಣ ಬಹಳ. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಅವರು ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಚಂದ್ರರು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆಂದು ಹೆಸರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಆ ಧಾರೆ ಹರಿಯಿತು. ಉತ್ತರ ಕರ್ನಾಟಕದ ಊರೂರಿನಲ್ಲಿ ಹಿಂದುಸ್ತಾನಿ ಸಂಗೀತ ಬೇರೂರಿದ್ದೂ, ಆ ಮನೆಗಳಿಗೆ ಮಿರಜದ ತಂಬೂರ ಬಂದದ್ದೂ ಒಂದೇ ರೈಲುದಾರಿಯಲ್ಲಿ.

1937ರ ಅಕ್ಟೋಬರ್ 27ರಂದು, ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಖಾನ್‌ಸಾಹೇಬರು ದಾರಿಯಲ್ಲಿ ಅಸ್ವಸ್ಥರಾಗಿ ಸಿಂಗಪೆರುಮಾಳ್‌ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲಿಯೇ ಅವರ ಅಂತ್ಯವಾಯಿತು. ಹಾಸಿಗೆ ಹಾಸಿಸಿ, ತಂಬೂರವನ್ನು ಶ್ರುತಿ ಮಾಡಿಸಿಕೊಂಡು, ದರಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಲೇ ಅವರು ಕಣ್ಣುಮುಚ್ಚಿದರೆಂಬುದು ಪರಂಪರೆಯಲ್ಲಿ ಉಳಿದ ಮಾತು. ಪಾರ್ಥಿವ ಶರೀರವನ್ನು ಮಿರಜಕ್ಕೆ ತಂದು ದರ್ಗಾದ ಆವರಣದಲ್ಲಿ ಸಮಾಧಿ ಮಾಡಿದರು. ಇಂದಿಗೂ ಉರುಸಿನ ಸಮಯದಲ್ಲಿ ಅಲ್ಲಿ ಅವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ. ನವರಾತ್ರಿಯಲ್ಲಿ ಅಂಬಾಬಾಯಿಯ ಗುಡಿಯಲ್ಲಿ ಇನ್ನೊಂದು ಉತ್ಸವ. ದೇವಿಯ ಗುಡಿಯಲ್ಲಿಯೂ ದರ್ಗಾದಲ್ಲಿಯೂ ನುಡಿಯುವುದು ಅದೇ ಗಲ್ಲಿಯ ತಂಬೂರ.

ಪೆಟ್ಟಿಗೆಯೊಳಗಿನ ಶ್ರುತಿ

ಆದರೆ ಇಂದು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಸಂಗೀತ ಕಲಿಯುವ ಮಕ್ಕಳ ಮನೆಗೆ ಹೋದರೆ ತಂಬೂರ ಕಾಣುವುದು ಅಪರೂಪ. ಮೇಜಿನ ಮೇಲೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಗುಂಡಿ ಒತ್ತಿದರೆ ಪಂಚಮ ಷಡ್ಜಗಳು ತಾವಾಗಿಯೇ ಹೊರಡುತ್ತವೆ.

ಇದು ಒಮ್ಮೆಗೇ ಬಂದ ಬದಲಾವಣೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದ ಹಾರ್ಮೋನಿಯಂ ಮೊದಲು ತಂಬೂರದ ಪಕ್ಕದಲ್ಲಿ ಕುಳಿತಿತು. ಅದರ ಸ್ವರಗಳು ಸಮನಾಗಿ ಹಂಚಿದವು. ತಂಬೂರದ ಸ್ವಯಂಭೂ ಗಾಂಧಾರಕ್ಕಿಂತ ಹಾರ್ಮೋನಿಯಂನ ಗಾಂಧಾರ ತುಸು ಮೇಲಿರುತ್ತದೆ. ಈ ಕಾರಣದಿಂದಲೂ ಮೀಂಡ್, ಗಮಕಗಳನ್ನು ಅದು ನುಡಿಸಲಾರದೆಂಬ ಕಾರಣದಿಂದಲೂ ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ಹಾರ್ಮೋನಿಯಂನ ಮನೆಗಳನ್ನೆಲ್ಲ ತೆಗೆದು, ತಿದಿ ಮತ್ತು ಕೆಲವು ನಾಲಗೆಗಳನ್ನು ಮಾತ್ರ ಉಳಿಸಿಕೊಂಡದ್ದೇ ಶ್ರುತಿಪೆಟ್ಟಿಗೆ. ನಾಗಸ್ವರದವರಿಗೂ ಹರಿಕಥೆಯವರಿಗೂ ಅದು ದೊಡ್ಡ ಉಪಕಾರ ಮಾಡಿತು. 1970ರ ದಶಕದ ಕೊನೆಗೆ, ಸ್ವತಃ ವೇಣುವಾದಕರೂ ಇಂಜಿನಿಯರರೂ ಆಗಿದ್ದ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ವಿದ್ಯುತ್ ತಂಬೂರವನ್ನು ಮಾರುಕಟ್ಟೆಗೆ ತಂದರು. ಈಗ ಅದೂ ಹಳೆಯದಾಗಿ, ಜೇಬಿನ ಮೊಬೈಲಿನಲ್ಲಿಯೇ ತಂಬೂರ ಕುಳಿತಿದೆ. ಜಾನ್ ಶೋರನ ಕವೆಯಷ್ಟೇ ಸಣ್ಣ ಜಾಗದಲ್ಲಿ ಹನ್ನೆರಡು ಪಟ್ಟಿಗಳ ಷಡ್ಜವೂ ಅಡಗಿದೆ.

ಇದನ್ನು ಬರಿಯ ಕೇಡೆಂದು ಹಳಿಯುವುದು ನ್ಯಾಯವಲ್ಲ. ಎರಡು ಕೋಣೆಯ ಮನೆಯಲ್ಲಿ ನಾಲ್ಕೂವರೆ ಅಡಿಯ ವಾದ್ಯವನ್ನು ಎಲ್ಲಿ ನಿಲ್ಲಿಸುವುದು? ಮಳೆಗಾಲದ ಥಂಡಿಗೆ, ಬೇಸಗೆಯ ಸೆಕೆಗೆ ತಂತಿ ಇಳಿದರೆ ಕೂಡಿಸಿಕೊಡುವವರು ಯಾರು? ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವ ಹುಡುಗಿ ಆ ಅರ್ಧ ಗಂಟೆಯನ್ನು ಬಿರಡೆ ತಿರುಗಿಸುವುದರಲ್ಲಿ ಕಳೆದರೆ ಹಾಡುವುದು ಯಾವಾಗ? ಸಣ್ಣ ಪೆಟ್ಟಿಗೆಯಿಂದಾಗಿ ಸಂಗೀತ ಎಷ್ಟೋ ಮನೆಗಳ ಹೊಸ್ತಿಲು ದಾಟಿತು. ಕಡಲಾಚೆ ನೆಲೆಸಿದ ಕನ್ನಡ ಮಕ್ಕಳು ಅಲ್ಲ್ಲಿಯೂ ಸರಳೆವರಸೆ ಹಾಡುವಂತಾದದ್ದಕ್ಕೆ ಅದೂ ಒಂದು ಕಾರಣ.

ಕಳೆದುಹೋಗುವುದೇನೆಂಬುದನ್ನು ಮಾತ್ರ ತಿಳಿದಿರಬೇಕು. ಪೆಟ್ಟಿಗೆ ಷಡ್ಜವನ್ನು ಕೊಡುತ್ತದೆ. ಕೇಳು ಎಂದು ಕೇಳುಗನನ್ನು ಒತ್ತಾಯಿಸುವುದಿಲ್ಲ. ಅದು ಎಂದೂ ಇಳಿಯುವುದಿಲ್ಲ. ಆದುದರಿಂದ ಇಳಿದದ್ದನ್ನು ಗುರುತಿಸುವ ಕಿವಿಯೂ ಬೆಳೆಯುವುದಿಲ್ಲ. ತಂಬೂರವಾದರೋ ಹಟಮಾರಿ ಮಗುವಿನಂತೆ ದಿನದಿನವೂ ಶ್ರುತಿ ಬಿಡುತ್ತದೆ. ದಿನದಿನವೂ ಅದನ್ನು ತಿರುಗಿ ಕೂಡಿಸುವವನಿಗೆ, ಕೂಡಿದ್ದಕ್ಕೂ ಕೂಡದ್ದಕ್ಕೂ ಇರುವ ಅಂತರ ಎಲುಬಿಗೆ ಇಳಿಯುತ್ತದೆ. ಗುರುಗಳು ಮೊದಲ ವರ್ಷ ಬರಿಯ ಷಡ್ಜ ಹಾಡಿಸುತ್ತಿದ್ದರೆಂದು ಹಳಬರು ಹೇಳುವ ಮಾತಿನ ಅರ್ಥ ಇದೇ.

ಮಿರಜದ ಪಾಲಿಗೆ ಇದು ಕೇವಲ ಪಾಠದ ಮಾತಲ್ಲ, ಅನ್ನದ ಮಾತು. ಒಳ್ಳೆಯ ಜೀವಾಳಿ ಬಲ್ಲ ಕೈ ತಯಾರಾಗಲು ಬಹಳ ವರ್ಷ ಬೇಕು. ಅಷ್ಟು ವರ್ಷ ಕಾಯಲು ಎಲ್ಲ ತರುಣರಿಗೂ ಅನುಕೂಲವಿರುವುದಿಲ್ಲ. ಅಪ್ಪನ ಪಕ್ಕದಲ್ಲಿ ಅರ ಹಿಡಿದು ಕೂರುವುದಕ್ಕಿಂತ ತಿಂಗಳ ಸಂಬಳದ ಕೆಲಸ ಮೇಲೆಂದು ಮಗ ಎಣಿಸಿದರೆ ಅವನನ್ನು ದೂರುವಂತಿಲ್ಲ. ಮಳೆ ತಪ್ಪಿದರೆ, ಅಥವಾ ಅತಿಯಾದರೆ, ಭೀಮಾತೀರದ ಬಳ್ಳಿ ಕೈಕೊಡುತ್ತದೆ. ಬುರುಡೆಯಿಲ್ಲದೆ ಗಲ್ಲಿಯ ಕೆಲಸ ನಿಲ್ಲುತ್ತದೆ. ಇಂತಹ ದಿನಗಳಲ್ಲಿ 2024ರಲ್ಲಿ ಒಂದು ಸಿಹಿಸುದ್ದಿ ಬಂದಿತು. ಮಿರಜದ ಸಿತಾರಿಗೂ ತಂಬೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆಗಳಿಗೆ ಇರುವಂತಹುದೇ ಮನ್ನಣೆಯಿದು. ಬೇರೆ ಕಡೆ ಮಾಡಿದ ವಾದ್ಯವನ್ನು ಇನ್ನು ಮಿರಜದ್ದೆಂದು ಮಾರುವಂತಿಲ್ಲ. ಹೆಸರಿಗೆ ಕಾವಲು ಸಿಕ್ಕಿತು. ಕೈಗಳನ್ನು ಉಳಿಸುವುದು ಮಾತ್ರ ಕೊಳ್ಳುವವರ, ಕೇಳುವವರ ಕೆಲಸ.

ಗಲ್ಲಿಯ ಕುಶಲಿಗಳಿಗೆ ಯಂತ್ರದ ಮೇಲೆ ಹಗೆಯಿಲ್ಲ. ಹೊಸ ತಂಬೂರಕ್ಕೆ ತಂತಿ ಏರಿಸುವಾಗ ಅವರೂ ಪಕ್ಕದಲ್ಲಿ ಪಿಚ್ ಪೈಪನ್ನೋ ಮೊಬೈಲನ್ನೋ ಇಟ್ಟುಕೊಂಡು ಪಟ್ಟಿಯನ್ನು ನೋಡಿಕೊಳ್ಳುವುದುಂಟು. ಪಟ್ಟಿ ಸಿಕ್ಕಿದೊಡನೆ ಅದನ್ನು ಬದಿಗಿಟ್ಟು, ಕುದುರೆಯ ಕಡೆಗೆ ಕಿವಿ ಬಾಗಿಸುತ್ತಾರೆ. ಅಲ್ಲಿಂದ ಮುಂದಿನ ಕೆಲಸ ಯಂತ್ರದ್ದಲ್ಲ.

ನಮ್ಮ ಮನೆಗಳಲ್ಲಿಯೂ ಇಷ್ಟನ್ನು ಮಾಡಬಹುದು. ಮಗು ಪೆಟ್ಟಿಗೆಯ ಶ್ರುತಿಗೆ ಹಾಡುವುದಾದರೆ ಹಾಡಲಿ. ವಾರಕ್ಕೊಮ್ಮೆ ಗುರುಗಳ ಮನೆಯಲ್ಲಿಯೋ, ನೆರೆಯ ಹಿರಿಯರ ಮನೆಯಲ್ಲಿಯೋ ಒಂದು ನಿಜವಾದ ತಂಬೂರದ ಮುಂದೆ ಅದನ್ನು ಕೂರಿಸಿ, ಬಿರಡೆ ತಿರುಗಿಸಲು ಬಿಡಬೇಕು. ಮೊದಲ ದಿನ ತಂತಿ ಕಡಿಯಬಹುದು, ಅದಕ್ಕೆ ಗದರಬಾರದು. ತಂತಿಯ ಬೆಲೆ ಹೆಚ್ಚಲ್ಲ, ಬೇರೆ ತಂತಿ ಏರಿಸಿದರಾಯಿತು. ಎರಡು ಜೋಡಿ ತಂತಿಗಳು ಒಂದಾಗಿ ಸೇರಿ, ನಡುವಿನ ಅಲೆದಾಟ ನಿಂತು, ನಾದ ಸಮನಾದಾಗ ಆ ಮಗುವಿನ ಮುಖವನ್ನು ನೋಡಬೇಕು. ಅನಂತರ ಕಚೇರಿಗೆ ಹೋದಾಗ 'ಹಾಡು ಇನ್ನೂ ಯಾಕೆ ಶುರುವಾಗಲಿಲ್ಲ?' ಎಂದು ಅದು ಕೇಳಲಾರದು.